ಮಾದರಿ ರೈಲಿನ ಇಂಜಿನ್‌ಗೆ ಡಿಕೋಡರ್ ಆರಿಸುವುದು ಹೇಗೆ: ಬಿಚ್ಚಿ ನೋಡುವುದರಿಂದ ಓಡಿಸುವವರೆಗೆ

ನನ್ನ ಹತ್ತಿರ ಒಂದು ಹಳೇ ಎಚ್‌ಒ ಸ್ಕೇಲ್ (ಅಸಲಿ ರೈಲಿನ 87ರಲ್ಲಿ ಒಂದು ಪಾಲು ಅಳತೆ) ಸ್ಟೀಮ್ ಇಂಜಿನ್ ಇದೆ. ಡಿಕೋಡರ್ ಅಂದರೆ ಹಳಿಯಿಂದ ಬರುವ ಡಿಜಿಟಲ್ ಆದೇಶ ಕೇಳಿ ಮೋಟರ್, ದೀಪ ನಡೆಸುವ ಸಣ್ಣ ಸರ್ಕ್ಯೂಟ್ ಬೋರ್ಡ್. ಅದಕ್ಕೆ ನಾನು ಹಾಕಿದ ಮೊದಲ ಡಿಕೋಡರ್ ಎರಡು ಸೆಕೆಂಡ್ ಕೂಡ ಬಾಳಲಿಲ್ಲ. ಹಳಿ ಮೇಲೆ ಇಟ್ಟೆ, ಒಂದು ಸಣ್ಣ ಚಟ್ ಸದ್ದು ಬಂತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಡಿಕೋಡರ್ ಒಳ್ಳೇದೇ ಇತ್ತು, ಹೆಸರಾಂತ ಕಂಪನಿಯದ್ದು. ನಾನು ಕ್ಯಾಟಲಾಗ್ ಚೆನ್ನಾಗಿ ಓದಿದ್ದೆ. ಆದರೆ ಇಂಜಿನ್ ಒಳಗೆ ಸರಿಯಾಗಿ ನೋಡಿರಲಿಲ್ಲ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಇಂಜಿನ್ ಬಿಚ್ಚುತ್ತೇನೆ, ಅಳೆಯುತ್ತೇನೆ, ಬರೆದಿಡುತ್ತೇನೆ. ಆಮೇಲೆ ಡಿಕೋಡರ್ ಹುಡುಕುತ್ತೇನೆ. ಯಾವ ಡಿಕೋಡರ್ ಒಳ್ಳೇದು ಅಂತ ಯಾರಾದರೂ ಕೇಳಿದರೆ, ಯಾವ ಇಂಜಿನ್‌ಗೆ ಅಂತ ತಿರುಗಿ ಕೇಳುವುದು ಇದೇ ಕಾರಣಕ್ಕೆ. ಆ ಕ್ರಮವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಡಿಕೋಡರ್ ಒಳಗೆ ಏನು ನಡೆಯುತ್ತದೆ

ಹಳೇ ಡಿಸಿ ಪದ್ಧತಿಯಲ್ಲಿ ಹಳಿಗೆ ಕೊಡುವ ವೋಲ್ಟೇಜ್ ಹೆಚ್ಚಾದರೆ ಇಂಜಿನ್ ಜೋರಾಗಿ ಓಡುತ್ತದೆ, ಪ್ಲಸ್ ಮೈನಸ್ ಅದಲು ಬದಲಾದರೆ ಹಿಂದಕ್ಕೆ ಹೋಗುತ್ತದೆ. ಒಂದೇ ಹಳಿ ಮೇಲೆ ಎರಡು ಇಂಜಿನ್ ಇದ್ದರೆ ಎರಡೂ ಒಟ್ಟಿಗೇ ಓಡುತ್ತವೆ. ಡಿಜಿಟಲ್ ಪದ್ಧತಿಯಲ್ಲಿ, ಅಂದರೆ ಡಿಸಿಸಿಯಲ್ಲಿ, ಹಳಿ ಮೇಲೆ ಪೂರ್ತಿ ವೋಲ್ಟೇಜ್ ಯಾವಾಗಲೂ ಇರುತ್ತದೆ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುತ್ತದೆ, ಆ ಬದಲಾವಣೆಯ ಸಮಯದಲ್ಲೇ ಆದೇಶ ಅಡಗಿರುತ್ತದೆ. ಪ್ರತಿ ಅರ್ಧ ಅಲೆ 58 ಮೈಕ್ರೊಸೆಕೆಂಡ್ ಇದ್ದರೆ ಅದು ಒಂದು, 100 ಅಥವಾ ಜಾಸ್ತಿ ಇದ್ದರೆ ಅದು ಸೊನ್ನೆ. ಹೀಗೆ ಸೊನ್ನೆ ಒಂದುಗಳು ಸೇರಿ 'ಮೂರನೇ ನಂಬರ್ ಇಂಜಿನ್, ಮುಂದಕ್ಕೆ ಹೋಗು, ವೇಗ 40' ಎಂಬ ಮಾತಾಗುತ್ತದೆ. ಡಿಕೋಡರ್ ಆ ಮಾತು ಕೇಳಿಸಿಕೊಂಡು, ತನ್ನ ನಂಬರ್ ಇದ್ದರೆ ಮಾತ್ರ ಮೋಟರ್‌ಗೆ ಕರೆಂಟ್ ಕೊಡುತ್ತದೆ.

ಈ ಪದ್ಧತಿ ಜರ್ಮನಿಯ ಲೆಂಜ್ ಕಂಪನಿಯ ಕೆಲಸದಿಂದ ಬಂದದ್ದು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆ ಅದನ್ನು ಎಲ್ಲರಿಗೂ ತೆರೆದ ಮಾನದಂಡ ಮಾಡಿತು. ಒಂದು ಕಂಪನಿಯ ಕಂಟ್ರೋಲರ್‌ನಿಂದ ಇನ್ನೊಂದು ಕಂಪನಿಯ ಡಿಕೋಡರ್ ಓಡಿಸಲು ಇವತ್ತು ಸಾಧ್ಯವಾಗಿರುವುದು ಅದರಿಂದಲೇ.

ಹೆಜ್ಜೆ 1: ನಿಮ್ಮ ಕಂಟ್ರೋಲರ್ ಏನು ಮಾಡಬಲ್ಲದು

ಇದು ಐದು ನಿಮಿಷದ ಕೆಲಸ. ಕಂಟ್ರೋಲರ್ ಕೈಪಿಡಿ ತೆಗೆದು ಮೂರು ವಿಷಯ ನೋಡಿ. ಅದು ಡಿಸಿಸಿ ಮಾತಾಡುತ್ತದಾ, ಎಷ್ಟು ಫಂಕ್ಷನ್ ಬಟನ್ (ದೀಪ, ಸದ್ದುಗಳನ್ನು ಆನ್ ಆಫ್ ಮಾಡುವ ಗುಂಡಿ) ಕೊಡುತ್ತದೆ, ಹಳಿಗೆ ಎಷ್ಟು ವೋಲ್ಟ್ ಬಿಡುತ್ತದೆ. ಮಾರ್ಕ್ಲಿನ್‌ನ ಮೂರು ಹಳಿ ಪದ್ಧತಿ ನಿಮ್ಮದಾದರೆ ಮೋಟೊರೋಲಾ ಅಥವಾ ಎಂಎಫ್‌ಎಕ್ಸ್ ಭಾಷೆ ಕೂಡ ಗೊತ್ತಿರುವ ಡಿಕೋಡರ್ ಬೇಕು. ಬರೀ ಡಿಸಿಸಿ ಡಿಕೋಡರ್ ತಂದರೆ ಹಳೇ ಕಂಟ್ರೋಲರ್ ಅದನ್ನು ಮಾತಾಡಿಸುವುದೇ ಇಲ್ಲ.

ಫಂಕ್ಷನ್ ಬಟನ್ ಸಂಗತಿ ತುಂಬಾ ಜನ ಮರೆಯುತ್ತಾರೆ. ಕಂಟ್ರೋಲರ್‌ನಲ್ಲಿ ಎಂಟೇ ಫಂಕ್ಷನ್ ಇದ್ದು, ಡಿಕೋಡರ್‌ನಲ್ಲಿ ಇಪ್ಪತ್ತೆಂಟು ಸದ್ದು ಇದ್ದರೆ, ಇಪ್ಪತ್ತು ಸದ್ದು ಪೆಟ್ಟಿಗೆಯೊಳಗೇ ಉಳಿಯುತ್ತವೆ.

ಹೆಜ್ಜೆ 2: ಇಂಜಿನ್ ಬಿಚ್ಚಿ, ಸಾಕೆಟ್ ಗುರುತಿಸಿ

ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ. ಬಿಚ್ಚಿದ ಸ್ಕ್ರೂಗಳಿಗೆ ಒಂದು ಬಟ್ಟಲು ಇಟ್ಟುಕೊಳ್ಳಿ. ಇಂಜಿನ್ ಮೇಲ್ಭಾಗ ಕೆಲವೊಮ್ಮೆ ಸ್ಕ್ರೂನಿಂದ ನಿಂತಿರುತ್ತದೆ, ಕೆಲವೊಮ್ಮೆ ಪಕ್ಕದ ಕೊಂಡಿಗಳಿಂದ. ಬಲ ಹಾಕಬೇಡಿ. ಬಾರದಿದ್ದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಲೇ ಅರ್ಥ, ಹೆಚ್ಚಾಗಿ ಡಬ್ಬಿ ಜೋಡಿಸುವ ಕೊಕ್ಕೆಯ (ಕಪ್ಲರ್) ಕೆಳಗೆ. ಎತ್ತುವಾಗ ನಿಧಾನ. ಮೇಲ್ಭಾಗದ ದೀಪಕ್ಕೆ ಹೋಗುವ ಕೂದಲೆಳೆಯಂಥ ವೈರ್ ಕಿತ್ತು ಬರುವುದು ಇಲ್ಲೇ. ಒಳಗಿನ ಸ್ಥಿತಿಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

'ಡಿಸಿಸಿ ರೆಡಿ' ಅಂತ ಪೆಟ್ಟಿಗೆ ಮೇಲೆ ಇದ್ದರೆ ಒಳಗೆ ಸಾಕೆಟ್ ಇರುತ್ತದೆ, ಅದರಲ್ಲಿ ಒಂದು ಸಣ್ಣ ಡಮ್ಮಿ ಪ್ಲಗ್ ಕೂತಿರುತ್ತದೆ. ಅದನ್ನು ತೆಗೆದು ಡಿಕೋಡರ್ ಹಾಕಬೇಕು. ಡಮ್ಮಿ ಪ್ಲಗ್ ಬಿಸಾಡಬೇಡಿ. ಮುಂದೆ ಏನಾದರೂ ತೊಂದರೆ ಬಂದಾಗ, ದೋಷ ಇಂಜಿನ್‌ದಾ ಡಿಕೋಡರ್‌ದಾ ಅಂತ ಪತ್ತೆ ಮಾಡಲು ಅದಕ್ಕಿಂತ ಸುಲಭದ ಸಾಧನ ಇಲ್ಲ.

ಈಗ ಸಾಕೆಟ್ ಯಾವುದು ಅಂತ ನೋಡೋಣ.

ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ದಪ್ಪ ತೂತು ಇದ್ದರೆ ಅದು ಎಂಟು ಪಿನ್ನಿನದು, ಎನ್‌ಇಎಂ 652 (ಎನ್‌ಇಎಂ ಅಂದರೆ ಯುರೋಪಿನ ಮಾದರಿ ರೈಲು ಮಾನದಂಡ). ಹಳೇ ಮತ್ತು ಮಧ್ಯಮ ಕಾಲದ ಎಚ್‌ಒ, ಅದರ ಹತ್ತಿರದ ಅಳತೆಯ ಒಒ ಇಂಜಿನ್‌ಗಳಲ್ಲಿ ಇದೇ ಜಾಸ್ತಿ. ಮೋಟರ್, ಹಿಂದೆ ಮುಂದೆ ದೀಪ, ಇನ್ನೊಂದು ಫಂಕ್ಷನ್, ಅಷ್ಟಕ್ಕೇ ಇದರಲ್ಲಿ ಜಾಗ. ಸ್ಪೀಕರ್‌ಗೆ ಪಿನ್ ಇಲ್ಲ, ಸದ್ದು ಬೇಕಾದರೆ ಸ್ಪೀಕರ್ ವೈರನ್ನು ಡಿಕೋಡರ್‌ನಿಂದ ಬೇರೆಯಾಗಿ ಎಳೆಯಬೇಕು.

ಆರು ಪಿನ್ ಒಂದೇ ಸಾಲಿನಲ್ಲಿದ್ದರೆ ಎನ್‌ಇಎಂ 651. ಎಚ್‌ಒಗಿಂತ ಸಣ್ಣದಾದ ಎನ್ ಸ್ಕೇಲ್ ಇಂಜಿನ್‌ಗಳಲ್ಲಿ, ಸಣ್ಣ ಟ್ಯಾಂಕ್ ಇಂಜಿನ್‌ಗಳಲ್ಲಿ (ನೀರು ತನ್ನ ಮೈಮೇಲೇ ಹೊರುವ ಸ್ಟೀಮ್ ಇಂಜಿನ್) ಕಾಣುತ್ತದೆ. ಮೋಟರ್‌ಗೆ ಎರಡು, ಹಳಿಗೆ ಎರಡು, ದೀಪಕ್ಕೆ ಎರಡು. ಅಷ್ಟೇ.

ಇಪ್ಪತ್ತೊಂದು ಪಿನ್ನಿನ 21ಎಂಟಿಸಿ, ಅಂದರೆ ಎನ್‌ಇಎಂ 660, ದೊಡ್ಡ ಇಂಜಿನ್‌ಗಳಿಗೆ ಬಹಳ ಅನುಕೂಲ. ಸ್ಪೀಕರ್ ಪಿನ್ ಇದೆ, ಫಂಕ್ಷನ್ ಪಿನ್ ಬೇಕಾದಷ್ಟಿವೆ, ವೈರ್ ಗೋಜಲು ಇಲ್ಲ. ಆದರೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ಮೂರನೇ ಮತ್ತು ನಾಲ್ಕನೇ ಹೆಚ್ಚುವರಿ ಫಂಕ್ಷನ್‌ಗಳು ಕೆಲವು ಡಿಕೋಡರ್‌ಗಳಲ್ಲಿ ಬರೀ ಸಂಕೇತ ಮಾತ್ರ ಕೊಡುತ್ತವೆ, ದೀಪ ಉರಿಸುವಷ್ಟು ಕರೆಂಟ್ ಕೊಡುವುದಿಲ್ಲ. ಆ ಸಂಕೇತವನ್ನು ಇಂಜಿನ್ ಬೋರ್ಡ್ ಮೇಲಿನ ಟ್ರಾನ್ಸಿಸ್ಟರ್ ಹಿಡಿದುಕೊಂಡು ದೀಪ ಉರಿಸಬೇಕು. ಇನ್ನು ಕೆಲವು ಡಿಕೋಡರ್‌ಗಳು ಅಲ್ಲೇ ಪೂರ್ತಿ ಕರೆಂಟ್ ಕೊಡುತ್ತವೆ. ಇಎಸ್‌ಯು ಕಂಪನಿ ಈ ಎರಡನೇ ಬಗೆಯನ್ನು '21ಎಂಟಿಸಿ ಎಂಕೆಎಲ್' ಅಂತ ಕರೆಯುತ್ತದೆ. ಎರಡೂ ಒಂದೇ ಸಾಕೆಟ್‌ಗೆ ಕೂರುತ್ತವೆ, ನೋಡಲು ಒಂದೇ ಥರ. ಆದರೆ ಅದಲು ಬದಲಾದರೆ ಚಾಲಕನ ಕೋಣೆ ದೀಪ ಉರಿಯುವುದೇ ಇಲ್ಲ, ಅಥವಾ ಸದಾ ಉರಿಯುತ್ತಲೇ ಇರುತ್ತದೆ. ಹೊಸ ಡಿಕೋಡರ್ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಿದವರನ್ನು ನಾನು ನೋಡಿದ್ದೇನೆ. ಕೆಟ್ಟಿರಲಿಲ್ಲ, ಬಗೆ ಬೇರೆ ಇತ್ತು. ಇಂಜಿನ್ ಕೈಪಿಡಿಯಲ್ಲಿ ಯಾವ ಬಗೆ ಬೇಕು ಅಂತ ಬರೆದಿರುತ್ತದೆ, ಕೊಳ್ಳುವ ಮೊದಲೇ ನೋಡಿ.

ಪ್ಲಕ್ಸ್ ಕುಟುಂಬ ಎನ್‌ಇಎಂ 658. ಇದರಲ್ಲಿ 8, 12, 16, 22 ಅಂತ ಅಳತೆಗಳಿವೆ. ದೊಡ್ಡ ಸಾಕೆಟ್‌ಗೆ ಸಣ್ಣ ಡಿಕೋಡರ್ ಹಾಕಬಹುದು, ಪ್ಲಕ್ಸ್ 22 ಸಾಕೆಟ್‌ನಲ್ಲಿ ಪ್ಲಕ್ಸ್ 16 ಡಿಕೋಡರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಮೆ ಫಂಕ್ಷನ್ ಸಿಗುತ್ತವೆ, ಅಷ್ಟೇ.

ನೆಕ್ಸ್ಟ್ 18, ಎನ್‌ಇಎಂ 662, ಸಣ್ಣ ಇಂಜಿನ್‌ಗಳಿಗಾಗಿಯೇ ಮಾಡಿದ್ದು. ಉಗುರಿನಷ್ಟು ಜಾಗದಲ್ಲಿ ಸ್ಪೀಕರ್ ಸಂಪರ್ಕ ಕೂಡ ಸಿಗುತ್ತದೆ. ಎನ್ ಸ್ಕೇಲ್‌ನಲ್ಲಿ ಸದ್ದು ಬೇಕು ಅನ್ನುವವರಿಗೆ ಇದು ನಿಜವಾದ ವರ.

ಸಾಕೆಟ್ಟೇ ಇಲ್ಲದ ಇಂಜಿನ್ ಆದರೆ ವೈರ್ ಇರುವ ಡಿಕೋಡರ್ ತಂದು ಬೆಸುಗೆ ಹಾಕಬೇಕು. ಅದಕ್ಕೆ ಬಣ್ಣಗಳು ಬಾಯಿಪಾಠ ಆಗಲಿ: ಕೆಂಪು ಬಲ ಹಳಿ, ಕಪ್ಪು ಎಡ ಹಳಿ. ಕಿತ್ತಳೆ ಮತ್ತು ಬೂದು ಮೋಟರ್. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ. ನೀಲಿ ಎಲ್ಲಾ ದೀಪಗಳಿಗೂ ಸಾಮಾನ್ಯ ಪ್ಲಸ್. ಹಸಿರು, ನೇರಳೆ ಹೆಚ್ಚುವರಿ ಫಂಕ್ಷನ್.

ಹೆಜ್ಜೆ 3: ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅಳೆಯಿರಿ

ಡಿಕೋಡರ್ ಪೆಟ್ಟಿಗೆ ಮೇಲೆ '1 ಆಂಪ್' ಅಂತ ಬರೆದಿರುತ್ತದೆ. ನಿಮ್ಮ ಇಂಜಿನ್‌ಗೆ ಅದು ಸಾಕಾ ಅಂತ ಪೆಟ್ಟಿಗೆ ಹೇಳುವುದಿಲ್ಲ, ಮಲ್ಟಿಮೀಟರ್ ಹೇಳುತ್ತದೆ.

ಸಾಮಾನ್ಯ ಓಟದಲ್ಲಿ ಇಂಜಿನ್ ಎಳೆಯುವ ಕರೆಂಟ್ ಕಡಿಮೆ. ಆದರೆ ಗೇರಿಗೆ ಏನೋ ಸಿಕ್ಕಿಕೊಂಡು ಗಾಲಿ ತಿರುಗದೆ ನಿಂತರೆ ಕರೆಂಟ್ ಒಮ್ಮೆಲೇ ಏರುತ್ತದೆ. ಇದನ್ನು ಸ್ಟಾಲ್ ಕರೆಂಟ್ ಅಂತಾರೆ. ಡಿಕೋಡರ್ ಇದನ್ನೂ ತಡೆದುಕೊಳ್ಳಬೇಕು.

ಅಳೆಯುವುದು ಹೀಗೆ. ಹಳೇ ಡಿಸಿ ಕಂಟ್ರೋಲರ್ ಮತ್ತು ಒಂದು ತುಂಡು ಹಳಿ ತಗೊಳ್ಳಿ. ಇಂಜಿನ್‌ನಲ್ಲಿ ಡಮ್ಮಿ ಪ್ಲಗ್ ಇರಲಿ. ಮಲ್ಟಿಮೀಟರ್ ಅನ್ನು 10 ಆಂಪ್ ಡಿಸಿಗೆ ಇಡಿ, ಕೆಂಪು ತಂತಿಯನ್ನು 10 ಆಂಪ್ ತೂತಿಗೆ ಬದಲಿಸಿ. ಕಂಟ್ರೋಲರ್‌ನಿಂದ ಹಳಿಗೆ ಹೋಗುವ ಎರಡು ವೈರ್‌ಗಳಲ್ಲಿ ಒಂದನ್ನು ಬಿಚ್ಚಿ, ಮೀಟರ್ ಅನ್ನು ಮಧ್ಯೆ ಸೇರಿಸಿ. 12 ವೋಲ್ಟ್ ಕೊಡಿ. ಇಂಜಿನ್ ಓಡಲು ಹೊರಟಾಗ ಅದನ್ನು ಬೆರಳಿನಿಂದ ಕೆಳಕ್ಕೆ ಒತ್ತಿ, ಗಾಲಿ ಪೂರ್ತಿ ನಿಲ್ಲುವವರೆಗೆ. ಮೀಟರ್ ನೋಡಿ, ತಕ್ಷಣ ಬಿಡಿ. ಒಂದೆರಡು ಸೆಕೆಂಡ್ ಸಾಕು. ಅದಕ್ಕಿಂತ ಹೊತ್ತು ಹಿಡಿದರೆ ಮೋಟರ್ ಸುರುಳಿ ಬಿಸಿಯಾಗಿ ಹಾಳಾಗುತ್ತದೆ.

ನಿಮ್ಮ ಡಿಸಿಸಿ ಹಳಿ ವೋಲ್ಟೇಜ್ 12ಕ್ಕಿಂತ ಜಾಸ್ತಿ ಇದ್ದರೆ ಆ ಲೆಕ್ಕ ಸೇರಿಸಿ. 12 ವೋಲ್ಟ್‌ನಲ್ಲಿ 0.9 ಆಂಪ್ ಬಂದರೆ 15 ವೋಲ್ಟ್‌ನಲ್ಲಿ ಸುಮಾರು 1.1 ಆಂಪ್ ಆಗುತ್ತದೆ. ಅಂದಾಜಿಗೆ ಎನ್ ಸ್ಕೇಲ್‌ನ ಡಿಕೋಡರ್‌ಗಳು ಅರ್ಧದಿಂದ ಮುಕ್ಕಾಲು ಆಂಪ್, ಎಚ್‌ಒ ಡಿಕೋಡರ್‌ಗಳು ಒಂದು ಆಂಪ್ ಅಥವಾ ತುಸು ಜಾಸ್ತಿ, ದೊಡ್ಡ ಅಳತೆಗಳಾದ ಒ ಸ್ಕೇಲ್ ಮತ್ತು ಜಿ ಸ್ಕೇಲ್‌ಗೆ ಎರಡು ಮೂರು ಆಂಪ್ ಮೇಲ್ಪಟ್ಟು. ಆದರೆ ಅಂದಾಜು ಅಂದಾಜೇ.

ಪೆಟ್ಟಿಗೆ ಮೇಲೆ ಎರಡು ಅಂಕಿ ಇದ್ದರೆ, ಒಂದು ಸತತವಾಗಿ ಕೊಡುವ ಕರೆಂಟ್, ಇನ್ನೊಂದು ಕ್ಷಣಕಾಲದ್ದು. ಹೋಲಿಸಬೇಕಾದ್ದು ಸತತದ ಅಂಕಿಯ ಜೊತೆ. ಅಳತೆ ಅದರ ಅಂಚಿಗೆ ಬಂದರೆ ದೊಡ್ಡ ಡಿಕೋಡರ್ ಕಡೆ ಹೋಗಿ.

ಹಳೇ ಮೋಟರ್ ಬಗ್ಗೆ ಒಂದು ಮಾತು. ಕಾಲ ಕಳೆದಂತೆ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ. ಮ್ಯಾಗ್ನೆಟ್ ಸೋತ ಮೋಟರ್ ಅದೇ ಕೆಲಸಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ. ನನ್ನ ಸ್ಟೀಮ್ ಇಂಜಿನ್ ಹಿಡಿದು ನಿಲ್ಲಿಸಿದಾಗ 1.8 ಆಂಪ್ ತೋರಿಸಿತು. ಆಮೇಲೆ ಗೇರುಗಳಲ್ಲಿ ಗಟ್ಟಿಯಾಗಿದ್ದ ಹಳೇ ಗ್ರೀಸ್ ತೆಗೆದು ಹೊಸ ಎಣ್ಣೆ ಬಿಟ್ಟೆ. ಸ್ಟಾಲ್ ಅಂಕಿ ಬದಲಾಗಲಿಲ್ಲ, ಅದು ಬದಲಾಗುವುದೂ ಇಲ್ಲ. ಆದರೆ ಓಡುವಾಗಿನ ಕರೆಂಟ್ ಅರ್ಧಕ್ಕಿಳಿಯಿತು. ಹಾಗಾಗಿ ಡಿಕೋಡರ್‌ಗೆ ದುಡ್ಡು ಹಾಕುವ ಮೊದಲು ಒಮ್ಮೆ ಶುಚಿ ಮಾಡಿ ಎಣ್ಣೆ ಬಿಡಿ. ಡಿಸಿಯಲ್ಲಿ ಕುಂಟುವ ಇಂಜಿನ್ ಡಿಸಿಸಿಯಲ್ಲೂ ಕುಂಟುತ್ತದೆ.

ಹೆಜ್ಜೆ 4: ಮೋಟರ್ ಹಳಿಯಿಂದ ಪೂರ್ತಿ ಬೇರೆಯಾಗಿದೆಯಾ

ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ಜಾಗ್ರತೆಯಿಂದ ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ನನ್ನ ಡಿಕೋಡರ್ ಸುಟ್ಟದ್ದು ಇಲ್ಲೇ.

ಮೋಟರ್‌ಗೆ ಎರಡು ಬ್ರಷ್ ಇರುತ್ತವೆ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡುಗಳು ಅವು. ಹಳೇ ಇಂಜಿನ್‌ಗಳಲ್ಲಿ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೆ (ಇಂಜಿನ್‌ನ ಕೆಳ ಚೌಕಟ್ಟು) ತಾಗಿರುತ್ತದೆ, ಚಾಸಿ ಒಂದು ಕಡೆಯ ಗಾಲಿಗಳಿಂದ ಕರೆಂಟ್ ತಗೊಳ್ಳುತ್ತದೆ. ಡಿಸಿ ಕಾಲದಲ್ಲಿ ಇದರಿಂದ ಒಂದು ವೈರ್ ಉಳಿಯುತ್ತಿತ್ತು. ಡಿಸಿಸಿಯಲ್ಲಿ ಇದೇ ಮಾರಕ. ಹಳಿಯ ಪೂರ್ತಿ ವೋಲ್ಟೇಜ್ ಡಿಕೋಡರ್‌ನ ಮೋಟರ್ ಬದಿಗೆ ಹಿಂದಿನಿಂದ ನುಗ್ಗುತ್ತದೆ. ಡಿಕೋಡರ್ ಅದನ್ನು ತಡೆಯಲಾರದು.

ಪರೀಕ್ಷೆ ಸುಲಭ. ಡಮ್ಮಿ ಪ್ಲಗ್ ತೆಗೆಯಿರಿ, ಅಥವಾ ಮೋಟರ್ ವೈರ್ ಬಿಚ್ಚಿ. ಮಲ್ಟಿಮೀಟರ್ ಅನ್ನು ಬೀಪ್ ಬರುವ ಸ್ಥಾನಕ್ಕೆ ಇಡಿ. ಒಂದು ತುದಿಯನ್ನು ಮೋಟರ್‌ನ ಒಂದು ಬ್ರಷ್‌ಗೆ ಇಡಿ, ಇನ್ನೊಂದನ್ನು ಎಡ ಗಾಲಿಗೆ, ಬಲ ಗಾಲಿಗೆ, ಚಾಸಿಗೆ ಒಂದೊಂದಾಗಿ ಮುಟ್ಟಿಸಿ. ಆಮೇಲೆ ಇನ್ನೊಂದು ಬ್ರಷ್‌ಗೆ ಅದೇ ರೀತಿ. ಒಟ್ಟು ಆರು ಸಲ. ಆರರಲ್ಲಿ ಒಂದು ಸಲವೂ ಬೀಪ್ ಬರಬಾರದು.

ನನ್ನ ಇಂಜಿನ್‌ನಲ್ಲಿ ಕೆಳಗಿನ ಬ್ರಷ್‌ನ ಸ್ಪ್ರಿಂಗ್ ಚಾಸಿಗೆ ಒರಗಿತ್ತು. ಮೇಲಿನಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ. ಮೋಟರ್ ಹೊರಗೆ ತೆಗೆದು, ಕೆಳಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹಾಯಿಸದ, ಬಿಸಿ ತಡೆಯುವ ಟೇಪ್) ಅಂಟಿಸಿ, ಲೋಹದ ಸ್ಕ್ರೂ ಬದಲು ನೈಲಾನ್ ಸ್ಕ್ರೂ ಹಾಕಿದ ಮೇಲೆ ಬೀಪ್ ನಿಂತಿತು. ಆಮೇಲೆ ಹಾಕಿದ ಡಿಕೋಡರ್ ಇವತ್ತಿಗೂ ಓಡುತ್ತಿದೆ. ಇಂಜಿನ್ ಜೋಡಿಸಿದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಬಿಗಿ ಮಾಡುವಾಗ ಟೇಪ್ ಸರಿದು ಮತ್ತೆ ತಾಗುವುದು ಉಂಟು.

ಹೆಜ್ಜೆ 5: ಜಾಗ ಅಳೆಯಿರಿ

ಸ್ಕೇಲ್ ಇಟ್ಟು ಉದ್ದ, ಅಗಲ, ಎತ್ತರ ಮೂರೂ ಬರೆದುಕೊಳ್ಳಿ. ಎತ್ತರವೇ ಹೆಚ್ಚಾಗಿ ಕೈಕೊಡುತ್ತದೆ. ರಟ್ಟಿನಲ್ಲಿ ಡಿಕೋಡರ್ ಅಳತೆಯ ತುಂಡು ಕತ್ತರಿಸಿ ಒಳಗಿಟ್ಟು, ಮೇಲ್ಭಾಗ ಮುಚ್ಚಿ ನೋಡಿ. ಸ್ಟೀಮ್ ಇಂಜಿನ್ ಆದರೆ ಟೆಂಡರ್ (ಹಿಂದಿನ ಕಲ್ಲಿದ್ದಲು ನೀರಿನ ಗಾಡಿ) ಒಳಗೆ ಜಾಗ ಸಿಗುತ್ತದೆ, ಆದರೆ ಇಂಜಿನ್‌ಗೂ ಟೆಂಡರ್‌ಗೂ ನಡುವೆ ವೈರ್ ಹಾಯಿಸಬೇಕಾಗುತ್ತದೆ. ಡಿಕೋಡರ್ ಬಿಸಿಯಾಗುವ ವಸ್ತು. ಅದಕ್ಕೆ ಪೂರ್ತಿ ಟೇಪ್ ಸುತ್ತಿ, ಸ್ಪಾಂಜ್‌ನಲ್ಲಿ ಅದುಮಿ ಇಡಬೇಡಿ, ಸುತ್ತ ಗಾಳಿಯಾಡಲಿ.

ಹೆಜ್ಜೆ 6: ದೀಪ ಎಣಿಸಿ

ಯಾವ ದೀಪ ಯಾವುದರಿಂದ ಪ್ರತ್ಯೇಕವಾಗಿ ಉರಿಯಬೇಕು ಅಂತ ಪಟ್ಟಿ ಮಾಡಿ. ಮುಂದಿನದು, ಹಿಂದಿನದು, ಕೆಂಪು ಹಿಂದೀಪ, ಕ್ಯಾಬ್ ದೀಪ, ಒಲೆಯ ಬೆಳಕು. ಪ್ರತಿಯೊಂದಕ್ಕೂ ಒಂದು ಔಟ್‌ಪುಟ್ ಬೇಕು. ಎಂಟು ಪಿನ್ನಿನ ಸಾಕೆಟ್‌ನಲ್ಲಿ ಮೂರೇ ಸಿಗುತ್ತವೆ, ಮಿಕ್ಕದ್ದಕ್ಕೆ ಡಿಕೋಡರ್‌ನಿಂದ ಬೇರೆ ವೈರ್.

ಡಿಕೋಡರ್ ದೀಪಕ್ಕೆ ಕೊಡುವುದು ಹೆಚ್ಚು ಕಡಿಮೆ ಹಳಿಯ ವೋಲ್ಟೇಜ್. ಹಾಗಾಗಿ 1.5 ವೋಲ್ಟ್‌ನ ಸಣ್ಣ ಬಲ್ಬನ್ನು ನೇರ ಜೋಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಎಲ್‌ಇಡಿಗೆ ರೆಸಿಸ್ಟರ್ ಇರಲೇಬೇಕು. 1 ಕಿಲೋಓಮ್ ಸಾಮಾನ್ಯ ಅಳತೆ, ಆದರೆ ಈಗಿನ ಬಿಳಿ ಎಲ್‌ಇಡಿಗಳು ಅಷ್ಟಕ್ಕೆ ಟಾರ್ಚಿನಂತೆ ಉರಿಯುತ್ತವೆ. ನಾನು 4.7 ಕಿಲೋಓಮ್ ಹಾಕುತ್ತೇನೆ, ಎಣ್ಣೆ ದೀಪದಂತಿರಬೇಕಾದ ಕಡೆ 10 ಕಿಲೋಓಮ್. ಎಲ್‌ಇಡಿಯ ಉದ್ದ ಕಾಲು ನೀಲಿಗೆ, ಗಿಡ್ಡ ಕಾಲು ಬಿಳಿ ಅಥವಾ ಹಳದಿಗೆ.

ಹೆಜ್ಜೆ 7: ಮೋಟರ್ ಅನ್ನು ಎಷ್ಟು ನಯವಾಗಿ ಓಡಿಸುತ್ತದೆ

ಅಗ್ಗದ ಡಿಕೋಡರ್‌ಗೂ ಒಳ್ಳೇ ಡಿಕೋಡರ್‌ಗೂ ನಿಜವಾದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಸುಮ್ನೆ ಜೋರಾಗಿ ಓಡಿಸಿದರೆ ಎಲ್ಲಾ ಒಂದೇ. ಶಂಟಿಂಗ್ (ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳಿ ಜೋಡಿಸುವುದು) ಮಾಡಿ ನೋಡಿ, ಗಾಲಿಯ ಕಡ್ಡಿಗಳನ್ನು ಎಣಿಸುವಷ್ಟು ನಿಧಾನಕ್ಕೆ ಬನ್ನಿ, ಆಗ ಗೊತ್ತಾಗುತ್ತದೆ.

ಡಿಕೋಡರ್ ಮೋಟರ್‌ಗೆ ಕರೆಂಟನ್ನು ತುಂಡು ತುಂಡಾಗಿ ಕೊಡುತ್ತದೆ. ಮಧ್ಯೆ ಒಂದು ಕ್ಷಣ ಕೊಡುವುದನ್ನು ನಿಲ್ಲಿಸಿ ಕಾಯುತ್ತದೆ. ಆ ಕ್ಷಣದಲ್ಲಿ ತಿರುಗುತ್ತಿರುವ ಮೋಟರ್ ಡೈನಮೋದಂತೆ ತಾನೇ ಸ್ವಲ್ಪ ವೋಲ್ಟೇಜ್ ಹುಟ್ಟಿಸುತ್ತದೆ. ವೇಗ ಜಾಸ್ತಿಯಾದರೆ ಆ ವೋಲ್ಟೇಜ್ ಜಾಸ್ತಿ. ಅದನ್ನು ಅಳೆದು, ಇಂಜಿನ್ ಏರಿನಲ್ಲಿ ನಿಧಾನವಾಗಿದ್ದರೆ ಕರೆಂಟ್ ಹೆಚ್ಚಿಸುತ್ತದೆ, ಇಳಿಜಾರಿನಲ್ಲಿ ಕಡಿಮೆ ಮಾಡುತ್ತದೆ. ಇದಕ್ಕೆ ಬ್ಯಾಕ್ ಇಎಂಎಫ್ ಅಂತ ಹೆಸರು. ಇದಿಲ್ಲದ ಡಿಕೋಡರ್‌ನಲ್ಲಿ ಏರು ಬಂದಾಗಲೆಲ್ಲ ನೀವೇ ಥ್ರಾಟಲ್ (ವೇಗದ ತಿರುಗುಗುಂಡಿ) ತಿರುಗಿಸುತ್ತಿರಬೇಕು. ಇದಕ್ಕಾಗಿ ನಾಲ್ಕು ಕಾಸು ಜಾಸ್ತಿ ಕೊಡುವುದು ಖಂಡಿತ ಸರಿ ಅನ್ನುವುದು ನನ್ನ ಅಭಿಪ್ರಾಯ. ಬೇರೆ ಯಾವ ಸೌಲಭ್ಯಕ್ಕೂ ನಾನು ಇಷ್ಟು ಖಡಾಖಂಡಿತವಾಗಿ ಹೇಳುವುದಿಲ್ಲ.

ಆ ತುಂಡುಗಳು ಸೆಕೆಂಡಿಗೆ ಎಷ್ಟು ಅನ್ನುವುದೂ ಮುಖ್ಯ. ಹಳೇ ಡಿಕೋಡರ್‌ಗಳಲ್ಲಿ ಅದು ಕೆಲವೇ ನೂರು, ಅದರಿಂದ ಮೋಟರ್ ಝುಂಯ್ ಅಂತ ಗುನುಗುತ್ತಿತ್ತು. ಈಗಿನವು 16 ಕಿಲೋಹರ್ಟ್ಜ್ ಮೇಲೆ, ಕೆಲವು 40ರವರೆಗೆ ಹೋಗುತ್ತವೆ, ಕಿವಿಗೆ ಕೇಳಿಸುವುದಿಲ್ಲ. ಕೋರ್‌ಲೆಸ್ ಮೋಟರ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ್ದು) ಇರುವ ಇಂಜಿನ್‌ಗೆ ಈ ಹೆಚ್ಚಿನ ಅಂಕಿ ಕಡ್ಡಾಯ. ಕಡಿಮೆ ಅಂಕಿಯ ಹೊಡೆತಕ್ಕೆ ಅದರ ತೆಳು ಸುರುಳಿ ಬಿಸಿಯಾಗಿ ಹೋಗುತ್ತದೆ.

ಒಳ್ಳೇ ಡಿಕೋಡರ್ ಹಾಕಿಯೂ ನಿಧಾನ ಓಟದಲ್ಲಿ ಇಂಜಿನ್ ಜಗ್ಗಿ ಜಗ್ಗಿ ಹೋದರೆ ಮೋಟರ್ ಕಾಲುಗಳ ನಡುವೆ ಸಣ್ಣ ಬಟನ್‌ನಂಥ ಕೆಪಾಸಿಟರ್ ಇದೆಯಾ ನೋಡಿ. ರೇಡಿಯೊ ಗೊರಗೊರ ತಡೆಯಲು ಹಾಕಿದ್ದದು. ಬ್ಯಾಕ್ ಇಎಂಎಫ್ ಅಳತೆಗೆ ಅದು ಅಡ್ಡ ಬರುತ್ತದೆ.

ಹೆಜ್ಜೆ 8: ಸದ್ದು ಬೇಕಾ

ಸದ್ದಿನ ಡಿಕೋಡರ್ ಬೆಲೆ ಸಾಮಾನ್ಯದ ಎರಡು ಮೂರು ಪಟ್ಟು. ಬೇಕೋ ಬೇಡವೋ ಅನ್ನುವುದು ನೀವು ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲಿದೆ. ಒಂದೆರಡು ಇಂಜಿನ್ ಇಟ್ಟುಕೊಂಡು ಶಂಟಿಂಗ್ ಆಡುವವರಿಗೆ ಸದ್ದು ಜೀವ ತುಂಬುತ್ತದೆ. ಹತ್ತು ಇಂಜಿನ್ ಒಟ್ಟಿಗೆ ಓಡಿಸುವ ಕೋಣೆಯಲ್ಲಿ ಅದೇ ಸದ್ದು ಅರ್ಧ ಗಂಟೆಗೆ ತಲೆನೋವಾಗುತ್ತದೆ, ಅಲ್ವಾ? ನಾನು ಮುಖ್ಯ ಇಂಜಿನ್‌ಗಳಿಗೆ ಮಾತ್ರ ಸದ್ದು ಹಾಕಿದ್ದೇನೆ.

ಇಎಸ್‌ಯು ಕಂಪನಿಯ ಲೋಕ್‌ಸೌಂಡ್, ಆಸ್ಟ್ರಿಯಾದ ಜಿಮೋ, ಅಮೆರಿಕದ ಸೌಂಡ್‌ಟ್ರಾಕ್ಸ್‌ನ ಸುನಾಮಿ, ಇವು ಹೆಸರು ಮಾಡಿದವು. ಇವುಗಳಲ್ಲಿ ಒಂದು ಮುಖ್ಯ ವ್ಯತ್ಯಾಸ ಇದೆ. ಲೋಕ್‌ಸೌಂಡ್ ಮತ್ತು ಜಿಮೋಗೆ ಪೂರ್ತಿ ಸದ್ದಿನ ಫೈಲನ್ನೇ ಬದಲಿಸಬಹುದು, ಅದಕ್ಕೆ ಅವರದೇ ಪ್ರೋಗ್ರಾಮರ್ ಯಂತ್ರ ಬೇಕು. ಸುನಾಮಿಯಲ್ಲಿ ಒಂದು ಬಗೆಯ ಹಲವು ಇಂಜಿನ್‌ಗಳ ಸದ್ದು ಮೊದಲೇ ತುಂಬಿರುತ್ತದೆ, ಸೀಟಿ ಗಂಟೆಗಳನ್ನು ಸಂಖ್ಯೆ ಬದಲಿಸಿ ಆರಿಸಿಕೊಳ್ಳಬೇಕು. ನಿಮ್ಮ ಇಂಜಿನ್‌ನ ಅಸಲಿ ಸದ್ದು ಯಾವ ಕಂಪನಿಯಲ್ಲಿ ಸಿಗುತ್ತದೆ ಅಂತ ಮೊದಲು ಕೇಳಿ ನೋಡಿ. ಮೂರು ಸಿಲಿಂಡರ್ ಇಂಜಿನ್‌ಗೆ ಎರಡು ಸಿಲಿಂಡರ್‌ನ ಛಕ್ ಛಕ್ ಹಾಕಿದರೆ, ಗಾಲಿಯ ಒಂದು ಸುತ್ತಿಗೆ ಆರು ಬರಬೇಕಾದ ಕಡೆ ನಾಲ್ಕೇ ಬರುತ್ತದೆ. ರೈಲು ಬಲ್ಲವರ ಕಿವಿಗೆ ಅದು ತಕ್ಷಣ ಚುಚ್ಚುತ್ತದೆ.

ಸ್ಪೀಕರ್‌ನ ಓಮ್ ಡಿಕೋಡರ್ ಕೇಳಿದ್ದಕ್ಕೆ ಹೊಂದಬೇಕು. ಈಗಿನವು ಹೆಚ್ಚಾಗಿ 4 ಅಥವಾ 8 ಓಮ್. ಹಿಂದಿನ ತಲೆಮಾರಿನ ಕೆಲವು ಲೋಕ್‌ಸೌಂಡ್‌ಗಳಿಗೆ 100 ಓಮ್ ಬೇಕಿತ್ತು. ಅಂಥ ಹಳೇ ಡಿಕೋಡರ್‌ಗೆ 8 ಓಮ್ ಸ್ಪೀಕರ್ ಹಾಕಿದರೆ ಒಳಗಿನ ಆಂಪ್ಲಿಫೈಯರ್ ಸುಡುತ್ತದೆ. ಸ್ಪೀಕರ್ ಹಿಂದೆ ಮುಚ್ಚಿದ ಸಣ್ಣ ಪೆಟ್ಟಿಗೆ ಇರಲೇಬೇಕು. ಬರೀ ಸ್ಪೀಕರ್ ಕೈಯಲ್ಲಿ ಹಿಡಿದು ಕೇಳಿ, ಆಮೇಲೆ ಪೆಟ್ಟಿಗೆಗೆ ಒತ್ತಿ ಹಿಡಿದು ಕೇಳಿ. ಸೊಳ್ಳೆ ಗುಂಯ್‌ಗುಡುವಂತಿದ್ದ ಸದ್ದು ಒಮ್ಮೆಲೇ ತುಂಬಿ ಬರುತ್ತದೆ. ಅಂಚಿನಲ್ಲಿ ಕೂದಲಷ್ಟು ಸಂದು ಇದ್ದರೂ ಮತ್ತೆ ಸೊರಗುತ್ತದೆ, ಅಂಟಿನಿಂದ ಮುಚ್ಚಿ.

ಹೆಜ್ಜೆ 9: ಕರೆಂಟ್ ತಪ್ಪಿದಾಗ ಕೈಹಿಡಿಯುವ ಕೆಪಾಸಿಟರ್

ಹಳಿ ಮೇಲೆ ಧೂಳಿದ್ದರೆ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಪ್ಲಾಸ್ಟಿಕ್ ಭಾಗ ಬಂದರೆ, ಕರೆಂಟ್ ಒಂದು ಕ್ಷಣ ತಪ್ಪುತ್ತದೆ. ಆರು ಗಾಲಿಯ ಸಣ್ಣ ಇಂಜಿನ್ ಅಲ್ಲೇ ನಿಲ್ಲುತ್ತದೆ, ಸದ್ದು ಕಡಿದು ಮತ್ತೆ ಶುರುವಾಗುತ್ತದೆ. ಸ್ಟೇ ಅಲೈವ್, ಕೀಪ್ ಅಲೈವ್, ಪವರ್‌ಪ್ಯಾಕ್ ಅಂತ ಮಾರುವುದು ಈ ಕ್ಷಣವನ್ನು ದಾಟಿಸುವ ಕೆಪಾಸಿಟರ್. ಸಣ್ಣ ಇಂಜಿನ್‌ಗೆ ಡಿಕೋಡರ್ ಆರಿಸುವಾಗ ಇದನ್ನು ಜೋಡಿಸಲು ವೈರ್ ಅಥವಾ ಜಾಗ ಕೊಟ್ಟಿದ್ದಾರಾ ನೋಡಿ. ಕೊಟ್ಟಿಲ್ಲದಿದ್ದರೆ ಡಿಕೋಡರ್ ಬೋರ್ಡ್ ಮೇಲೇ ಸೂಜಿಮೊನೆಯಷ್ಟು ಜಾಗದಲ್ಲಿ ಬೆಸುಗೆ ಹಾಕಬೇಕು, ಹೊಸಬರು ಅದಕ್ಕೆ ಕೈ ಹಾಕದಿರುವುದು ಒಳ್ಳೇದು. ಪ್ಲಸ್ ಮೈನಸ್ ತಪ್ಪಿದರೆ ಕೆಪಾಸಿಟರ್ ಸಿಡಿಯುತ್ತದೆ.

ಇದನ್ನು ಹಾಕಿದ ಇಂಜಿನ್‌ನಲ್ಲಿ ಡಿಸಿ ಓಟವನ್ನು, ಅಂದರೆ ಹಳೇ ಡಿಸಿ ಹಳಿ ಮೇಲೂ ಓಡುವ ಸೌಲಭ್ಯವನ್ನು, ಆಫ್ ಮಾಡಿ. ಇಲ್ಲದಿದ್ದರೆ ಸಂಕೇತ ತಪ್ಪಿದ ಕೂಡಲೇ ಡಿಕೋಡರ್ ತಾನು ಡಿಸಿ ಹಳಿ ಮೇಲಿದ್ದೇನೆ ಅಂದುಕೊಂಡು, ಪೂರ್ತಿ ವೇಗದಲ್ಲಿ ಓಡಿಬಿಡಬಹುದು. ಆಫ್ ಮಾಡುವುದು ಹೇಗೆ ಅಂತ ಕೊನೆಯ ಹೆಜ್ಜೆಯಲ್ಲಿ ಬರುತ್ತದೆ.

ಹೆಜ್ಜೆ 10: ಹಾಕುವುದು, ಮೊದಲ ಪರೀಕ್ಷೆ

ಎಂಟು ಪಿನ್ನಿನ ಪ್ಲಗ್‌ನಲ್ಲಿ ಒಂದನೇ ಪಿನ್‌ಗೆ ಕಿತ್ತಳೆ ವೈರ್ ಇರುತ್ತದೆ. ಸಾಕೆಟ್ ಬೋರ್ಡ್ ಮೇಲೆ '1' ಅಂತ ಅಥವಾ ಒಂದು ಚುಕ್ಕೆ ಇರುತ್ತದೆ. ಎರಡನ್ನೂ ಕೂಡಿಸಿ ಒತ್ತಿ. ಉಲ್ಟಾ ಹಾಕಿದರೆ ಇಂಜಿನ್ ಓಡುತ್ತದೆ, ಆದರೆ ದೀಪ ಉರಿಯುವುದಿಲ್ಲ. ದೀಪ ಇಲ್ಲ ಅಂತ ಗಾಬರಿಯಾಗುವ ಮೊದಲು ಪ್ಲಗ್ ತಿರುಗಿಸಿ ನೋಡಿ. 21ಎಂಟಿಸಿ ಮತ್ತು ಪ್ಲಕ್ಸ್‌ನಲ್ಲಿ ಒಂದು ಪಿನ್ ಬೇಕಂತಲೇ ಬಿಟ್ಟಿರುತ್ತಾರೆ, ಅದರ ಎದುರಿನ ತೂತು ಮುಚ್ಚಿರುತ್ತದೆ. ಅದನ್ನು ಗುರುತಿಸಿಕೊಂಡು ಕೂರಿಸಿ.

ಮೇಲ್ಭಾಗ ಮುಚ್ಚುವ ಮೊದಲೇ ಪ್ರೋಗ್ರಾಮಿಂಗ್ ಹಳಿ (ಡಿಕೋಡರ್ ಓದಿ ಬರೆಯಲು ಕಂಟ್ರೋಲರ್‌ಗೆ ಪ್ರತ್ಯೇಕವಾಗಿ ಜೋಡಿಸುವ ಹಳಿ ತುಂಡು) ಮೇಲಿಡಿ, ಮುಖ್ಯ ಹಳಿ ಮೇಲೆ ಬೇಡ. ಪ್ರೋಗ್ರಾಮಿಂಗ್ ಹಳಿಯಲ್ಲಿ ಕರೆಂಟ್‌ಗೆ ಮಿತಿ ಇರುತ್ತದೆ, ಎಲ್ಲೋ ತಪ್ಪಾಗಿದ್ದರೂ ಡಿಕೋಡರ್ ಬದುಕುವ ಸಾಧ್ಯತೆ ಜಾಸ್ತಿ. ಸಿವಿ 8 (ಡಿಕೋಡರ್ ಒಳಗಿನ ಎಂಟನೇ ಸಂಖ್ಯೆಯ ಗೂಡು) ಓದಿ. ಅದು ತಯಾರಕರ ಸಂಖ್ಯೆ: 151 ಬಂದರೆ ಇಎಸ್‌ಯು, 145 ಜಿಮೋ, 99 ಲೆಂಜ್, 141 ಸೌಂಡ್‌ಟ್ರಾಕ್ಸ್, 129 ಡಿಜಿಟ್ರಾಕ್ಸ್. ಸಂಖ್ಯೆ ಬಂತು ಅಂದರೆ ಡಿಕೋಡರ್ ಹಳಿಯಿಂದ ಕೇಳಿಸಿಕೊಳ್ಳುತ್ತಿದೆ, ಮೋಟರ್ ಕೂಡ ಜೋಡಣೆಯಾಗಿದೆ. ಯಾಕೆಂದರೆ ಡಿಕೋಡರ್ ಉತ್ತರ ಕೊಡುವುದೇ ಮೋಟರ್‌ಗೆ ಒಂದು ಸಣ್ಣ ಹೊಡೆತ ಕೊಟ್ಟು, ಸುಮಾರು 6 ಮಿಲಿಸೆಕೆಂಡ್ ಕಾಲ 60 ಮಿಲಿಆಂಪ್ ಕರೆಂಟ್ ಎಳೆಯುವ ಮೂಲಕ. ಹತ್ತಿರ ಕಿವಿಯಿಟ್ಟರೆ ಇಂಜಿನ್ ಸಣ್ಣಗೆ ಟಿಕ್ ಅನ್ನುವುದು ಕೇಳುತ್ತದೆ, ಗಾಲಿ ಚೂರು ಅಲುಗುವುದೂ ಕಾಣುತ್ತದೆ. ಆ ಟಿಕ್ ಕೇಳಿದಾಗ ಇಷ್ಟು ವರ್ಷದ ಮೇಲೂ ನನಗೆ ಖುಷಿಯಾಗುತ್ತದೆ.

ಸ್ಟೇ ಅಲೈವ್ ಹಾಕಿದ್ದರೆ ಈ ಓದುವಿಕೆ ಕೈಕೊಡಬಹುದು, ಕೆಪಾಸಿಟರ್ ತುಂಬುವ ಕರೆಂಟ್ ಉತ್ತರವನ್ನು ನುಂಗಿಬಿಡುತ್ತದೆ. ತಾತ್ಕಾಲಿಕವಾಗಿ ಅದರ ಪ್ಲಗ್ ಬಿಚ್ಚಿಡಿ.

ಹೆಜ್ಜೆ 11: ಬದಲಿಸಬೇಕಾದ ನಾಲ್ಕಾರು ಸಿವಿಗಳು

ಸಿವಿ ಅಂದರೆ ಡಿಕೋಡರ್ ಒಳಗಿನ ಸಂಖ್ಯೆ ಬರೆದಿಡುವ ಗೂಡು. ನೂರಾರು ಇವೆ, ಶುರುವಿಗೆ ಇಷ್ಟು ಸಾಕು.

ಹೊಸ ಡಿಕೋಡರ್‌ನ ನಂಬರ್ 3 ಆಗಿರುತ್ತದೆ. ಚಿಕ್ಕ ನಂಬರ್ ಸಿವಿ 1ರಲ್ಲಿ. ಇಂಜಿನ್ ಮೇಲೆ ಬರೆದಿರುವ ನಾಲ್ಕಂಕಿ ಸಂಖ್ಯೆಯನ್ನೇ ಇಡಬೇಕಾದರೆ ಸಿವಿ 17 ಮತ್ತು 18, ಈಗಿನ ಹೆಚ್ಚಿನ ಕಂಟ್ರೋಲರ್‌ಗಳು ಅದನ್ನು ತಾವೇ ಲೆಕ್ಕ ಹಾಕಿ ಬರೆಯುತ್ತವೆ.

ಸಿವಿ 2 ಹೊರಡುವ ವೋಲ್ಟೇಜ್. ಮೊದಲ ಹಂತದಲ್ಲಿ ಗಾಲಿ ಸುಮ್ಮನೆ ಹೊರಳಲು ಶುರುವಾಗುವವರೆಗೆ ಒಂದೊಂದೇ ಹೆಚ್ಚಿಸಿ. ಸಿವಿ 5 ಗರಿಷ್ಠ ವೇಗ. ಶಂಟಿಂಗ್ ಇಂಜಿನ್ ಎಕ್ಸ್‌ಪ್ರೆಸ್‌ನಂತೆ ಓಡುವುದು ಬೇಡ ಅಲ್ವಾ, ಇಳಿಸಿ. ಸಿವಿ 3 ವೇಗ ಏರುವ ನಿಧಾನ, ಸಿವಿ 4 ನಿಲ್ಲುವ ನಿಧಾನ. ಸಿವಿ 4 ಹೆಚ್ಚಿಸುವಾಗ ಹಳಿಯ ಕೊನೆ ಎಷ್ಟು ದೂರ ಇದೆ ಅಂತ ನೋಡಿಕೊಳ್ಳಿ.

ಸಿವಿ 29 ಹಲವು ಸ್ವಿಚ್‌ಗಳ ಮೊತ್ತ. ದಿಕ್ಕು ತಿರುಗಿಸಲು 1, 28 ಅಥವಾ 128 ವೇಗದ ಹಂತಕ್ಕೆ 2, ಡಿಸಿ ಓಟಕ್ಕೆ 4, ರೈಲ್‌ಕಾಮ್‌ಗೆ (ಡಿಕೋಡರ್ ಕಂಟ್ರೋಲರ್‌ಗೆ ತಿರುಗಿ ಮಾಹಿತಿ ಕಳಿಸುವ ವ್ಯವಸ್ಥೆ) 8, ವೇಗದ ಪಟ್ಟಿಗೆ 16, ನಾಲ್ಕಂಕಿ ನಂಬರ್‌ಗೆ 32. ಬೇಕಾದ್ದನ್ನು ಕೂಡಿಸಿ ಬರೆಯಿರಿ. ಚಿಕ್ಕ ನಂಬರ್, ಡಿಸಿ ಬೇಕು ಅಂದರೆ 6. ಸ್ಟೇ ಅಲೈವ್ ಹಾಕಿದ್ದೀರಿ, ಡಿಸಿ ಬೇಡ ಅಂದರೆ 2. ನಾಲ್ಕಂಕಿ ನಂಬರ್, ಡಿಸಿ ಬೇಡ ಅಂದರೆ 34.

ಇಎಸ್‌ಯು ಡಿಕೋಡರ್ ಆದರೆ ಮೋಟರ್ ಹೊಂದಾಣಿಕೆಯನ್ನು ಅದೇ ಮಾಡಿಕೊಳ್ಳುತ್ತದೆ. ಮುಖ್ಯ ಹಳಿ ಮೇಲೆ, ಮುಂದೆ ಎರಡು ಮೀಟರ್‌ನಷ್ಟು ನೇರ ಜಾಗ ಬಿಟ್ಟು, ಸಿವಿ 54ಕ್ಕೆ 0 ಬರೆದು, ಎಫ್1 (ಒಂದನೇ ಫಂಕ್ಷನ್ ಬಟನ್) ಒತ್ತಿ. ಇಂಜಿನ್ ಒಂದೂವರೆ ಸೆಕೆಂಡ್ ಪೂರ್ತಿ ವೇಗದಲ್ಲಿ ಚಿಮ್ಮಿ ನಿಲ್ಲುತ್ತದೆ, ಅಷ್ಟರಲ್ಲಿ ಅಳತೆ ಮುಗಿದಿರುತ್ತದೆ. ಮೇಜಿನ ಅಂಚಿಗೆ ಮುಖ ಮಾಡಿ ಮಾತ್ರ ಇಡಬೇಡಿ.

ಏನೋ ಬರೆದು ಇಂಜಿನ್ ಮಾತೇ ಕೇಳದಂತಾದರೆ, ಹೆಚ್ಚಿನ ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಮೊದಲಿನ ಸ್ಥಿತಿಗೆ ಬರುತ್ತದೆ, ನಂಬರ್ ಮತ್ತೆ 3 ಆಗುತ್ತದೆ. ಹಾಗೆ ಮಾಡಿದರೆ ನೀವು ಬದಲಿಸಿದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಪ್ರತಿ ಇಂಜಿನ್‌ಗೂ ಒಂದು ಚೀಟಿ ಮಾಡಿ: ಸಾಕೆಟ್ ಯಾವುದು, ಸ್ಟಾಲ್ ಕರೆಂಟ್ ಎಷ್ಟು, ಡಿಕೋಡರ್ ಯಾವುದು, ಬದಲಿಸಿದ ಸಿವಿಗಳು ಯಾವುವು. ಕಂಪ್ಯೂಟರ್ ಜೋಡಿಸುವವರಾದರೆ ಜೆಎಂಆರ್‌ಐ ತಂತ್ರಾಂಶದ ಡಿಕೋಡರ್‌ಪ್ರೊ ಉಚಿತವಾಗಿ ಸಿಗುತ್ತದೆ, ಎಲ್ಲಾ ಸಿವಿಗಳನ್ನೂ ಓದಿ ಇಂಜಿನ್ ಹೆಸರಲ್ಲೇ ಉಳಿಸಿಡುತ್ತದೆ. ಚೀಟಿಯನ್ನು ಮಡಚಿ, ಡಮ್ಮಿ ಪ್ಲಗ್ ಜೊತೆಗೆ ಇಂಜಿನ್ ಪೆಟ್ಟಿಗೆಯೊಳಗೇ ಇಡಿ.